ಹನ್ನೊಂದು ಕಲಮು, ಒಂದು ಗೋಡೆ

ನಮ್ಮ ಘೋಷಣಾಪತ್ರದಲ್ಲಿ ಹನ್ನೊಂದು ಕಲಮುಗಳಿದ್ದವು. ಬರೆದವರು ನಾವು ನಾಲ್ಕು ಜನ, ಬೀದರಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದವರು. ಯಾರಿಗೂ ಆಗ ಇಪ್ಪತ್ತೆರಡು ದಾಟಿರಲಿಲ್ಲ, ಯಾರಿಗೂ ಒಂದು ಎಮ್ಮೆಯನ್ನು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಜಗತ್ತು ಹೇಗಿರಬೇಕೆಂದು ಹೇಳುವ ಉಮೇದಿಗೆ ಮಾತ್ರ ಕೊರತೆಯಿರಲಿಲ್ಲ.

ಕಳೆದ ವರ್ಷ ಇಲ್ಲಿನ ಕಾಲೇಜೊಂದರವರು ಫೋನು ಮಾಡಿದರು. ಹಿಂದೆ ಯುರೋಪಿನ ಕಲಾವಿದರು ಬರೆದ ಘೋಷಣಾಪತ್ರಗಳ ಬಗ್ಗೆ, ಅವರು ಕಂಡ ಹೊಸ ಸಮಾಜದ ಕನಸಿನ ಬಗ್ಗೆ ಹುಡುಗರಿಗೆ ಒಂದು ತಾಸು ಮಾತಾಡಬೇಕಂತೆ. ನಲವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನಿಗೆ ಮಾತಿಗೇನು ಬರ? ಒಪ್ಪಿಕೊಂಡೆ. ಟ್ರಂಕಿನ ತಳದಲ್ಲಿ ನಮ್ಮ ಘೋಷಣಾಪತ್ರದ ಒಂದು ಪ್ರತಿ ಉಳಿದಿತ್ತು. ತೆಗೆದು ನೋಡಿದೆ. ಹಾಳೆ ಹಳದಿಯಾಗಿದೆ, ಅಕ್ಷರ ಮಾತ್ರ ಇನ್ನೂ ಕಪ್ಪಗಿದೆ. ನನಗೆ ಅದರ ಮೇಲೆ ಉಗುಳಬೇಕೆನ್ನಿಸಿತು.

ಅವು ಬರದ ವರ್ಷಗಳು. ಮೊದಲ ವರ್ಷ ಮಳೆ ಮೋಸ ಮಾಡಿತು, ಎರಡನೇ ವರ್ಷ ಮೋಡವೇ ಕಾಣಲಿಲ್ಲ. ಔರಾದ್ ಕಡೆಯ ಹಳ್ಳಿಗಳು ಖಾಲಿಯಾಗುತ್ತಿದ್ದವು. ಭಾಲ್ಕಿ ಸ್ಟೇಷನ್ನಿನಲ್ಲಿ ಪಾತ್ರೆ, ಕೌದಿ, ಕೋಳಿ ಕಟ್ಟಿಕೊಂಡ ಜನ ಯಾವ ರೈಲು ಮೊದಲು ಬಂದರೆ ಅದಕ್ಕೆ ಹತ್ತುತ್ತಿದ್ದರು. ನಾವು ಮಾತ್ರ ಬೀದರಿನ ಚೌಬಾರದ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತು ಹಳೆಯದನ್ನೆಲ್ಲ ಒಡೆಯುತ್ತಿದ್ದೆವು.

ನಮಗೆ ಆ ಹುಚ್ಚು ಹಿಡಿಸಿದವರು ನಮ್ಮ ಮಾಸ್ತರು. ಹೈದರಾಬಾದಿನ ಹಳೇ ಪುಸ್ತಕದಂಗಡಿಯಿಂದ ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದು, ಒಂದೊಂದೇ ಪುಟ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಒಂದು ಗುಂಪಿನವರು ವಸ್ತುಸಂಗ್ರಹಾಲಯಗಳನ್ನೆಲ್ಲ ಸುಟ್ಟುಹಾಕಿ ಎಂದಿದ್ದರಂತೆ. ಇನ್ನೊಂದು ಗುಂಪಿನವರಿಗೆ ನೆಟ್ಟನೆಯ ಗೆರೆ ಮತ್ತು ಮೂರೇ ಬಣ್ಣ ಸಾಕು, ಅಷ್ಟರಿಂದಲೇ ಮನುಷ್ಯರ ನಡುವಿನ ಜಗಳ ನಿಲ್ಲುತ್ತದಂತೆ. ಮತ್ತೊಬ್ಬರ ಪ್ರಕಾರ ಕಲಾವಿದನೂ ಕೂಲಿಯವನೂ ಒಂದೇ, ಚಿತ್ರ ಮನೆಯೊಳಗಿನ ಚೌಕಟ್ಟು ಬಿಟ್ಟು ಬೀದಿಗೆ ಬರಬೇಕು, ಜನರಿಗೆ ಉಪಯೋಗವಾಗಬೇಕು, ಅದರ ಕೆಳಗೆ ಯಾರ ಹೆಸರೂ ಇರಬಾರದು. ಕೇಳುತ್ತ ಕೇಳುತ್ತ ನಮಗೆ ಮೈ ಬಿಸಿಯಾಗುತ್ತಿತ್ತು. ಹದಿನೈದು ದಿನದಲ್ಲಿ ನಾವೂ ಒಂದು ಬರೆದೆವು. ಮೊದಲ ಕಲಮು, ಹೊಸ ಕಲೆ ಖಾಲಿ ಗೋಡೆಯಿಂದ ಶುರುವಾಗುತ್ತದೆ, ಆದ್ದರಿಂದ ಗೋಡೆಯ ಮೇಲಿನ ಹಳೆಯದನ್ನೆಲ್ಲ ಅಳಿಸತಕ್ಕದ್ದು. ಒಂಬತ್ತನೆಯದು, ಮನೆ, ಮನೆತನ, ನಂಟಸ್ತಿಕೆ ಇವೆಲ್ಲ ಹಳೆಯ ಸಮಾಜದ ಸಂಕೋಲೆಗಳು. ಈ ಒಂಬತ್ತನೆಯದನ್ನು ಬರೆದವನು ನಾನು. ಭಾಲ್ಕಿಯಿಂದ ಅಪ್ಪ ಕಳಿಸುತ್ತಿದ್ದ ರೊಟ್ಟಿ ತಿಂದು ಬರೆದೆ.

ಅಪ್ಪ ಭಾಲ್ಕಿಯ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಅಕ್ಕನನ್ನು ಔರಾದ್ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ವರ್ಷ ಅಕ್ಕ ಎರಡನೇ ಬಾಣಂತನಕ್ಕೆ ಭಾಲ್ಕಿಗೆ ಬಂದಿದ್ದಳು. ಮೂರು ವರ್ಷದ ಮೊದಲ ಮಗಳು ಹಳ್ಳಿಯಲ್ಲೇ ತಂದೆ ಮತ್ತು ಅಜ್ಜಿಯ ಹತ್ತಿರ ಉಳಿದಿತ್ತು.

ಘೋಷಣಾಪತ್ರವನ್ನು ಕಾಗದದ ಮೇಲೆ ಬಿಟ್ಟರೆ ಹೇಗೆ? ಬರಗಾಲದ ಹಳ್ಳಿಯೊಂದರಲ್ಲಿ ಗೋಡೆಚಿತ್ರ ಬರೆಯುವುದೆಂದಾಯಿತು. ನಾನೇ ಅಕ್ಕನ ಊರು ಸೂಚಿಸಿದೆ. ದೀಪಾವಳಿ ರಜೆಯಲ್ಲಿ ಎರಡು ಡಬ್ಬ ಸುಣ್ಣ, ಬಣ್ಣದ ಪುಡಿ, ಕುಂಚ ಹೊತ್ತುಕೊಂಡು ಬಸ್ಸಿಳಿದೆವು. ಊರ ಬಾಗಿಲಲ್ಲೇ ಸಾಲಿ ಗುಡಿ, ಅಂದರೆ ಶಾಲೆಯ ಕಟ್ಟಡ, ಅದರ ಉದ್ದನೆಯ ಹೊರಗೋಡೆ. ಗೋಡೆಯ ತುಂಬ ಕೆಮ್ಮಣ್ಣಿನಲ್ಲಿ ಎಳೆದ ಗೀಟು, ಸೊನ್ನೆ, ಕುಡುಗೋಲಿನಂಥದು, ನೊಗದಂಥದು, ಅಲ್ಲಲ್ಲಿ ಬಿಳಿ ಬೊಟ್ಟು. ದನ ಕಾಯುವ ಮಕ್ಕಳ ಕೈಚಳಕ ಎಂದುಕೊಂಡೆವು. ಬಿಸಿಲೇರುವ ಮೊದಲು ಎರಡು ಸಲ ಸುಣ್ಣ ಬಳಿದು ಮುಗಿಸಿದೆವು. ಮೊದಲ ಕಲಮು ಜಾರಿಗೆ ಬಂತು ಎಂದು ನಮ್ಮಲ್ಲೊಬ್ಬ ನಕ್ಕ. ನಾನೂ ನಕ್ಕೆ.

ಮಧ್ಯಾಹ್ನ ಊಟದ ಆಸೆಗೆ ಅಕ್ಕನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಇಡೀ ಓಣಿಗೇ ಬೀಗ. ಒಂದು ಕಟ್ಟೆಯ ಮೇಲೆ ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ಕೂತಿದ್ದಳು. ನಮ್ಮ ಭಾವ ಎಲ್ಲಿ ಎಂದು ಕೇಳಿದೆ.

"ಕೂಲಿಗಿ ಮಂದಿ ಒಯ್ಯೋ ಮುಕಾದಮನ ಲಾರಿ ಬಂದಿತ್ತು ತಮ್ಮಾ. ಒಂದೇ ಹೊತ್ತಿಗಿ ಓಣಿ ಓಣಿನೇ ಹೋಯ್ತು. ನಿಮ್ ಭಾವನೂ ಕೂಸಿನ, ಅವ್ವನ ಕರ್ಕೊಂಡು ಹೋಗ್ಯಾನ."

"ಎಲ್ಲಿಗಿ ಹೋಗ್ಯಾರಬೇ?"

"ನಂಗೇನು ಗೊತ್ತು. ಸಾಲಿ ಗ್ವಾಡಿ ಮ್ಯಾಲ ಹಾಕಿ ಹೋಗ್ಯಾರಲ್ಲ, ನೀ ಬರೋ ಮುಂದ ನೋಡ್ಲಿಲ್ಲೇನು?"

ಆಮೇಲೆ ಅವಳು ಬಿಡಿಸಿ ಹೇಳಿದಳು. ಓದು ಬರಹ ಇಲ್ಲದ ಊರು. ಸುಗ್ಗಿಯಲ್ಲಿ ರಾಶಿಯ ಮೇಲೆ ಬೂದಿಯಿಂದ ಒತ್ತುವ ಗುರುತು ಮನೆಗೊಂದಿರುತ್ತಿತ್ತು. ಗುಳೆ ಹೋಗುವಾಗ ಅದೇ ಗುರುತನ್ನು ಸಾಲಿ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಹಾಕಿ, ಅದರ ಕೆಳಗೆ ಹೋಗುವ ಜಾಗ ಹಾಕುತ್ತಿದ್ದರು. ಹೈದರಾಬಾದಾದರೆ ಮಿನಾರು, ಮಿಲ್ಲಾದರೆ ಚಿಮಣಿ, ಕಬ್ಬು ಕಡಿಯಲು ಹೋದರೆ ಗಣ್ಣು ಗಣ್ಣಾದ ಒಂದು ಕೋಲು. ಹಿಂದಿನಿಂದ ಬಂದವರು ನೋಡಿ, ಪಕ್ಕದಲ್ಲಿ ಸುಣ್ಣದ ಬೊಟ್ಟಿಟ್ಟು ತಾವೂ ಆ ದಾರಿ ಹಿಡಿಯುತ್ತಿದ್ದರು. ಬೊಟ್ಟು ಇದ್ದರೆ ನೋಡಿದ್ದಾರೆ, ಬರುತ್ತಿದ್ದಾರೆ ಎಂದರ್ಥ. ಬಾಣಂತನ ಮುಗಿಸಿ ಬರುವ ಹೆಂಡತಿಗಾಗಿ ಭಾವ ಅಲ್ಲಿ ತನ್ನದನ್ನೂ ಹಾಕಿ ಹೋಗಿದ್ದ.

ಓಡಿ ಬಂದೆ. ಗೋಡೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಉಗುರಿನಿಂದ ಒಂದು ಕಡೆ ಕೆರೆದೆ. ಸುಣ್ಣದ ಜೊತೆ ಕೆಂಪು ಪುಡಿಯೂ ಉದುರಿತು, ಗುರುತು ಮಾತ್ರ ಕಾಣಲಿಲ್ಲ. ಏನು ಮಾಡುತ್ತಿದ್ದೀ ಎಂದು ಗೆಳೆಯರು ಕೇಳಿದರು. ಸುಣ್ಣ ಹಿಡಿದಿದೆಯೋ ಇಲ್ಲವೋ ನೋಡುತ್ತಿದ್ದೇನೆ ಎಂದೆ. ಒಂಬತ್ತನೆಯ ಕಲಮು ಬರೆದವನು ಅಕ್ಕನಿಗಾಗಿ ಗೋಡೆ ಕೆರೆಯುತ್ತಿದ್ದಾನೆ ಎಂದು ನಗುತ್ತಾರೆಂಬ ಹೆದರಿಕೆ ನನಗೆ. ಅಷ್ಟು ಸಣ್ಣ ಹೆದರಿಕೆ.

ಮರುದಿನ ಬೆಳಿಗ್ಗೆಯಿಂದ ಮೂರು ದಿನ ನಾನೂ ಅವರ ಜೊತೆ ಅದೇ ಗೋಡೆಯ ಮೇಲೆ ಚಿತ್ರ ಬರೆದೆ. ತ್ರಿಕೋನ, ಚೌಕ, ದೊಡ್ಡದೊಂದು ಹಳದಿ ಚಕ್ರ, ಅದರ ಕಡೆಗೆ ಕೈಯೆತ್ತಿ ನಿಂತ ಹೊಸ ಮನುಷ್ಯ. ಆ ಹೊಸ ಮನುಷ್ಯನಿಗೆ ಮುಖವಿರಲಿಲ್ಲ. ಮುಖ ಬರೆಯಲು ನಮಗೆ ಬರುತ್ತಿರಲಿಲ್ಲ, ಆದರೆ ಅದು ತತ್ವಕ್ಕಾಗಿ ಎಂದು ಮಾಸ್ತರಿಗೆ ಹೇಳಿದೆವು. ಅವರು ಬಂದು ನೋಡಿ ಬೆನ್ನು ತಟ್ಟಿದರು. ಬೀದಿಗೆ ಬಂದ ಕಲೆ, ಜನರಿಗೆ ಉಪಯೋಗವಾಗುವ ಕಲೆ, ಹೆಸರು ಹಾಕದವರ ಕಲೆ, ನಾವು ಹನ್ನೊಂದು ಕಲಮಿನಲ್ಲಿ ಬೇಡಿದ್ದೆಲ್ಲ ಆ ಗೋಡೆಯ ಮೇಲೆ ಇತ್ತು. ಅದನ್ನೇ ನಾವು ಬಳಿದು ಹಾಕಿದ್ದೆವು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಹೊಳೆದು ಪ್ರಯೋಜನವೇನೂ ಆಗಲಿಲ್ಲ.

ಭಾಲ್ಕಿಗೆ ಹೋದಾಗ ಅಕ್ಕ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಊರಿಗೆ ಹೋಗಿದ್ದಿಯಂತೆ, ಎಲ್ಲರೂ ಆರಾಮ ಇದ್ದಾರಾ ಎಂದಳು. ಗುಳೆ ಹೋಗಿದ್ದಾರೆ ಎಂದೆ.

"ಗ್ವಾಡಿ ನೋಡಿದೇನು? ಎಲ್ಲಿಗಿ ಅಂತ ಹಾಕ್ಯಾರ?"

ಅಪ್ಪ, ಅವ್ವ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಆ ಕಡೆಯ ಜನ ಹೆಚ್ಚಾಗಿ ಹೋಗುತ್ತಿದ್ದದ್ದು ಒಂದೇ ಊರಿಗೆ.

"ಹೈದರಾಬಾದ್" ಎಂದೆ.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೊರಟಳು. ಅಷ್ಟರಲ್ಲಿ ತೊಗರಿಯಿಲ್ಲದೆ ಅಪ್ಪನ ಮಿಲ್ಲೂ ಬಂದ್ ಆಗಿತ್ತು. ಅಪ್ಪ, ಅವ್ವನೂ ಮನೆಗೆ ಬೀಗ ಹಾಕಿ ಅವಳ ಜೊತೆ ಹೋದರು. ಹೈದರಾಬಾದಿನಲ್ಲಿ ಹೊಸ ಕಟ್ಟಡ ಎದ್ದಲ್ಲೆಲ್ಲ ಹೋಗಿ ಕೇಳಿದರಂತೆ. ಅಕ್ಕ ಕೂಸನ್ನು ಅವ್ವನ ಹತ್ತಿರ ಬಿಟ್ಟು ಇಟ್ಟಿಗೆ ಹೊತ್ತಳು. ಒಂದು ಕಡೆ ಕೆಲಸ ಮುಗಿದರೆ ಇನ್ನೊಂದು ಕಡೆ, ಅಲ್ಲಿಯೂ ಮೊದಲು ಕೇಳುವುದು ಔರಾದ್ ಕಡೆಯವರು ಇದ್ದಾರೇನ್ರಿ ಎಂದೇ. ನಾನು ಬೀದರಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ.

ಭಾವ ಹೋಗಿದ್ದದ್ದು ಕಬ್ಬಿಗೆ, ಮರಾಠರ ಸೀಮೆಗೆ. ಕಡಿತ ಮುಗಿದು ಯುಗಾದಿಗೆ ಅವನೊಬ್ಬನೇ ಊರಿಗೆ ಬಂದ. ಮಗಳು, ತಾಯಿ ಅಲ್ಲೇ ಮುಕಾದಮನ ಗುಡಿಸಲಲ್ಲಿದ್ದರು. ತನ್ನ ಗುರುತಿನ ಪಕ್ಕದಲ್ಲಿ ಹೆಂಡತಿ ಬೊಟ್ಟು ಇಟ್ಟಿದ್ದಾಳೋ ಎಂದು ನೋಡಲು ಬಂದವನಿಗೆ ಸಿಕ್ಕಿದ್ದು ನಮ್ಮ ಮುಖವಿಲ್ಲದ ಮನುಷ್ಯ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಹಳ ಹೊತ್ತು ಹುಡುಕಿದನಂತೆ. ಆಮೇಲೆ ಕಟ್ಟೆಯ ಮುದುಕಿ ಹೇಳಿದಳು, ನಿನ್ನ ಹೆಂಡತಿಯ ತಮ್ಮನೇ ಅಳಿಸಿದ್ದು ಎಂದು. ಎಂಟು ದಿನ ಊರಲ್ಲಿ ಕಾದು, ಭಾಲ್ಕಿಗೆ ಹೋದ. ಅಲ್ಲಿಯೂ ಬೀಗ. ನೆರೆಯವರ ಮಾತು ಕೇಳಿ ಹೈದರಾಬಾದಿಗೂ ಹೋಗಿ ಅಲೆದ. ಅಷ್ಟು ದೊಡ್ಡ ಊರಲ್ಲಿ ಯಾರು ಸಿಗುತ್ತಾರೆ? ತಾಯಿ, ಮಗಳು ಅಲ್ಲಿ ಹಸಿದಾರೆಂದು ತಿರುಗಿ ಹೋದ. ಬೀದರಿಗೆ ಮಾತ್ರ ಬರಲಿಲ್ಲ. ನನ್ನ ಮುಖ ನೋಡುವ ಮನಸ್ಸು ಅವನಿಗಿರಲಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ಮಳೆ ಬಂದದ್ದು ಮರುವರ್ಷ. ಬಿತ್ತಲು ಎಲ್ಲರೂ ಊರಿಗೆ ಮರಳಿದರು. ಭಾವ ತಾಯಿ, ಮಗಳ ಜೊತೆ ಬಂದ, ಅಕ್ಕನೂ ಬಂದಳು. ನಾನೇ ಅಕ್ಕನನ್ನು ಬಿಡಲು ಹೋಗಿದ್ದೆ. ಅಂಗಳದಲ್ಲಿ ಅಕ್ಕ ಕೈ ಚಾಚಿದರೆ ಮಗಳು ಅಜ್ಜಿಯ ಸೀರೆ ಹಿಡಿದು ಹಿಂದೆ ಸರಿಯಿತು. ಇವಳೇ ನಿನ್ನ ಅವ್ವ ಎಂದು ಅಜ್ಜಿ ಎಷ್ಟು ತಳ್ಳಿದರೂ ಬರಲಿಲ್ಲ. ಅದರ ಪಾಲಿಗೆ ಅಜ್ಜಿಯೇ ಅವ್ವ ಆಗಿದ್ದಳು. ಅಕ್ಕನಿಗೆ ಬೇರೊಂದು ಹೆಸರು ಹುಡುಕಿಕೊಂಡಿತು, ಭಾಲ್ಕಿ ಅವ್ವ. ಅದು ಲಗ್ನವಾಗಿ ಗಂಡನ ಮನೆಗೆ ಹೋದ ಮೇಲೂ ಹಾಗೆಯೇ ಕರೆಯಿತು. ಭಾವ ನನ್ನ ಜೊತೆ ಮಾತಾಡಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಭಾವ ತೀರಿಕೊಂಡ ಮೇಲೆ ಅಕ್ಕ ಆಗಾಗ ನಮ್ಮ ಮನೆಗೆ ಬಂದು ಇರುತ್ತಾಳೆ. ಕಾಲೇಜಿನವರ ಭಾಷಣಕ್ಕಾಗಿ ನಾನು ಆ ಹಳೆಯ ಹಾಳೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ ದಿನವೂ ಇದ್ದಳು. ಪಡಸಾಲೆಯಲ್ಲಿ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ನಾನು ಮೊದಲ ಕಲಮು ಓದಿ ಮುಗಿಸಿದೆ. ಅವಳು ಕೇಳಿದಳು, "ಇದಕ್ಕೇ ಏನೋ ನೀವು ಸಾಲಿ ಗ್ವಾಡಿ ಅಳ್ಸಿದ್ದು?"

ಅವಳಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು. ಹೌದು ಎಂದೆ. ಗೊತ್ತಿಲ್ಲದೆ ಅಳಿಸಿದೆವು, ಅದು ಬರಹ ಅಂತ ತಿಳಿದಿರಲಿಲ್ಲ, ನನ್ನದು ತಪ್ಪಾಯಿತು ಎಂದು ಏನೇನೋ ಹೇಳತೊಡಗಿದೆ. ಅವಳು ಕೈಯಲ್ಲಿದ್ದ ಕಾಯಿ ಸುಲಿದು ಕಾಳು ಬುಟ್ಟಿಗೆ ಹಾಕಿದಳು.

"ಅಳ್ಸಿದ್ದು ಹೋಗ್ಲಿ ತಮ್ಮಾ. ಹುಡುಗರು ಇದ್ರಿ, ಅಳ್ಸಿದ್ರಿ. ಹೈದರಾಬಾದ್ ಅಂತ ಯಾಕ ಹೇಳ್ದಿ?"

ಅವಳು ಇನ್ನೊಂದು ಕಾಯಿ ಎತ್ತಿಕೊಂಡಳು, ಸುಲಿಯಲಿಲ್ಲ.

"ಗೊತ್ತಿಲ್ಲ ಅಂತ ನೀ ಅಂದಿದ್ರ ನಾ ಊರಾಗೇ ಕೂಡ್ತಿದ್ದೆ. ಗಂಜಿ ಕುಡ್ದು ಕೂಡ್ತಿದ್ದೆ. ಯುಗಾದಿಗಿ ಅವ್ರು ಬಂದಿದ್ರು. ನನ್ನ ಕೂಸು ನಂಗ ಸಿಗ್ತಿತ್ತು."

ಅಷ್ಟು ಹೇಳಿ ಮತ್ತೆ ಕಾಯಿ ಸುಲಿಯತೊಡಗಿದಳು. ನಾನು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದೆ. ಘೋಷಿಸುತ್ತೇವೆ, ಅಳಿಸತಕ್ಕದ್ದು, ಆಗಿಯೇ ತೀರುತ್ತದೆ. ನಮಗೆ ಗೊತ್ತಿಲ್ಲ ಎಂಬ ಮಾತು ಹನ್ನೊಂದರಲ್ಲಿ ಎಲ್ಲಿಯೂ ಇರಲಿಲ್ಲ. ಕಾಲೇಜಿನವರಿಗೆ ಫೋನು ಮಾಡಿ, ಬರಲು ಆಗುವುದಿಲ್ಲ ಎಂದೆ. ಯಾಕೆ ಸರ್ ಎಂದು ಕೇಳಿದರು. ಮೈಯಲ್ಲಿ ಹುಷಾರಿಲ್ಲ ಎಂದು ಮತ್ತೊಂದು ಸುಳ್ಳು ಹೇಳಿದೆ. ಒಳಗೆ ಕೂತ ಅಕ್ಕನಿಗೆ ಅದೂ ಕೇಳಿಸಿತು.