ಮೂಗಿನ ಕೆಳಗೆ ಮಗಳ ಬೆರಳು

ಹದಿನೈದು ದಿನದ ಹಿಂದೆ ಪುರಸೈವಾಕ್ಕಂನ ಬೆಡ್‌ಶೀಟ್ ಅಂಗಡಿಯೊಂದರ ಮುಂದೆ ನಾನು ಸತ್ತುಹೋದೆ. ಅಂದರೆ, ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಹಾಗಂತ ತೀರ್ಮಾನಿಸಿದರು. (ನಾನೇ ಕಿವಿಯಾರೆ ಕೇಳಿಸಿಕೊಂಡೆ.)

ಆದದ್ದು ಇಷ್ಟೆ. ಚೆನ್ನೈನ ಏಪ್ರಿಲ್ ಬಿಸಿಲು. ತಿಂಡಿ ಬಿಟ್ಟು, ಬರೀ ಎರಡು ಲೋಟ ಕಾಫಿ ಕುಡಿದು, ಎಂಟು ವರ್ಷದ ಮಗಳು ಸಿರಿಯ ಜೊತೆ ಹೊರಟಿದ್ದೆ. (ತಿಂಡಿ ಯಾಕೆ ಬಿಟ್ಟೆ? ಹೊಟ್ಟೆ ಕರಗಿಸೋಕೆ. ನಗಬೇಡಿ.) ಅಂಗಡಿಯ ಮೆಟ್ಟಿಲು ಇಳಿಯುವಾಗ ಬೀದಿಯೆಲ್ಲ ಬೆಳ್ಳಗಾಯಿತು. ಆಮೇಲೆ ಏನೂ ಇಲ್ಲ.

ಮೊದಲು ವಾಪಸ್ ಬಂದದ್ದು ಕಿವಿ. ಕಣ್ಣು ತೆರೆಯಲು ಆಗುತ್ತಿಲ್ಲ, ಬೆರಳು ಹೇಳಿದ ಮಾತು ಕೇಳುತ್ತಿಲ್ಲ. ಯಾರೋ, "ಉಯಿರ್ ಇರುಕ್ಕಾ?" ಅಂದರು. ಜೀವ ಇದೆಯಾ ಅಂತ. ಇನ್ನೊಬ್ಬರು, "ಪೋಯಿಡುಚ್ಚು ಪೋಲ" ಅಂದರು. ಹೋಗಿಬಿಟ್ಟಿರಬೇಕು ಅಂತ.

ಅದನ್ನು ನನ್ನ ಮಗಳೂ ಕೇಳಿಸಿಕೊಂಡಳು. ಮನೆಯಲ್ಲಿ ನಾವು ಮಂಡ್ಯದ ಕನ್ನಡ ಆಡಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. ಅವಳಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ಹೇಳಬೇಕಾಗಿ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆಗ ಹತ್ತಿರದಲ್ಲೇ ಒಂದು ಹೆಂಗಸಿನ ದನಿ. ಅಂಗಡಿಯ ಪಕ್ಕ ಕೂತು ಹೂ ಕಟ್ಟುವವರು ಅಂತ ಆಮೇಲೆ ಗೊತ್ತಾಯಿತು. "ಕೊಳಂದೆ ಮುನ್ನಾಡಿ ಎನ್ನ ಪೇಚ್ಚು ಇದು?" ಮಗುವಿನ ಎದುರಿಗೆ ಇದೇನು ಮಾತು, ಅಂದರು. ದನಿ ಏರಿಸಲಿಲ್ಲ. ಒದ್ದೆ ಕೈಯೊಂದು ನನ್ನನ್ನು ಮಗ್ಗುಲಿಗೆ ತಿರುಗಿಸಿತು. ಸ್ವಲ್ಪ ಹೊತ್ತಿಗೆ ಮೂಗಿನ ಕೆಳಗೆ ಪುಟ್ಟ ಬೆರಳೊಂದು ಬಂತು. ಸಿರಿಯದು.

"ಸೂಡಾ ವರುದಾ, ಕಣ್ಣು?" ಬಿಸಿ ಬರ್ತಿದೆಯಾ, ಮರಿ?

"ವರುದು."

"ಅಪ್ಪಡಿಯೇ ವೆಚ್ಚಿರು." ಹಾಗೇ ಇಟ್ಟಿರು.

ನಾನು ಕಣ್ಣು ತೆರೆದಾಗಲೂ ಆ ಬೆರಳು ಅಲ್ಲೇ ಇತ್ತು. ಅಂಗಡಿಯ ಸೇಲ್ಸ್‌ಮನ್ ನನಗೆ ಕೊಡೆ ಹಿಡಿದು ನಿಂತಿದ್ದರು. ('ಹೋಗಿಬಿಟ್ಟಿರಬೇಕು' ಅಂದವರೂ ಅವರೇ. ದನಿಯಲ್ಲಿ ಗೊತ್ತಾಯಿತು.) ಅವರೇ ಆಟೋ ಹತ್ತಿಸಿ ಕೀಲ್ಪಾಕ್‌ನ ಆಸ್ಪತ್ರೆಗೆ ಕಳಿಸಿದರು. ಮೈಯಲ್ಲಿ ನೀರಿಲ್ಲ, ಹೊಟ್ಟೆಯಲ್ಲಿ ಊಟ ಇಲ್ಲ ಅಂತ ಬೈದು ಡಾಕ್ಟರ್ ಡ್ರಿಪ್ ಹಾಕಿದರು.

ಮಂಚದ ಪಕ್ಕ ಕೂತ ಸಿರಿ ಈಗ ಅಳತೊಡಗಿದಳು.

"ಯಾಕವ್ವ? ನಾನು ಚೆನ್ನಾಗೇ ಇವ್ನಲ್ಲ."

"ಸೈನ್ಸ್ ಎಕ್ಸಾಮ್‌ಗೆ ಪಡಿಚ್ಚೇನ್ ಅಪ್ಪಾ. ಲಿವಿಂಗ್ ಥಿಂಗ್ಸ್ ಮೂವ್ ಆಗುಂ. ನೀ ಮೂವ್ ಆಗಲೆ. ಕೂಪ್ಪಿಟ್ಟೇನ್, ಪೇಸಲೆ." ಪರೀಕ್ಷೆಗೆ ಓದಿದ್ದೆ, ಜೀವ ಇರೋದು ಅಲುಗಾಡುತ್ತೆ, ನೀನು ಅಲುಗಾಡಲಿಲ್ಲ, ಕರೆದೆ, ಮಾತಾಡಲಿಲ್ಲ, ಅಂದಳು. ಪಾಠದ ಪಟ್ಟಿಯಲ್ಲಿ ನೋಡೋಕೆ ಉಸಿರಾಟ ಒಂದೇ ಬಾಕಿ ಇತ್ತಂತೆ. "ಅದು ಪಾಕ್ಕ ಬಯಮಾ ಇರುಂದುಚ್ಚು." ಅದನ್ನು ನೋಡೋಕೆ ಭಯ ಆಯಿತು.

ಪುಸ್ತಕ ಎಲ್ಲ ಲಕ್ಷಣಗಳನ್ನೂ ಕಲಿಸಿತ್ತು. ಕೊನೆಯದನ್ನು ನೋಡುವ ಧೈರ್ಯ ಯಾವ ಪಾಠದಲ್ಲಿದೆ?

ಮುಂದಿನ ಶನಿವಾರ ಇಬ್ಬರೂ ಹೋಗಿ ಆ ಹೂ ಕಟ್ಟುವಾಕೆಯನ್ನು ಹುಡುಕಿದೆವು. ಹೆಸರು ಕನ್ನಿಯಮ್ಮ. ನನ್ನನ್ನು ಅವರು ಗುರುತಿಸಲಿಲ್ಲ. ಸಿರಿಯನ್ನು ನೋಡಿ ನಕ್ಕು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಕೈ ಮುಗಿದೆ. ತಡೆಯಲಾಗದೆ ಕೇಳಿಯೂ ಬಿಟ್ಟೆ: ಅಕಸ್ಮಾತ್ ಉಸಿರು ಇಲ್ಲದೇ ಇದ್ದಿದ್ದರೆ? ಮಗುವಿನ ಕೈ ಇಡಿಸಿದಿರಲ್ಲ?

"ಮೊದಲ್ಲ ನಾನ್ ಪಾತ್ತೇನ್," ಅಂದರು ಹೂವಿನಿಂದ ತಲೆಯೆತ್ತದೆ. ಮೊದಲು ನಾನು ನೋಡಿದೆ. "ಅಪ್ಪುರಂ ದಾನ್ ಪಾಪಾ ಕೈ." ಆಮೇಲೇ ಪಾಪುವಿನ ಕೈ.

ಅಷ್ಟು ಜನ ಜೀವ ಇದೆಯೋ ಇಲ್ಲವೋ ಅಂತ ನನ್ನನ್ನೇ ನೋಡುತ್ತಿದ್ದಾಗ, ಮಗುವಿನ ಕಡೆ ನೋಡಬೇಕು ಅಂತ ಅವರೊಬ್ಬರಿಗೇ ಹೇಗೆ ಹೊಳೆಯಿತು?