ಗ್ಯಾಂಗ್‌ಸ್ಟರ್ ಕೋಟಿಗೆ ಮಳವಳ್ಳಿ ಜೇಬು

ಬೆಳಗಿನ ಐದೂವರೆ. ಮಳವಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮರಿಸಿದ್ದಯ್ಯ ಇಸ್ತ್ರಿಪೆಟ್ಟಿಗೆಯ ಇದ್ದಿಲಿಗೆ ಗಾಳಿ ಹಾಕುತ್ತಿದ್ದಾರೆ. ಹೆಗಲ ಮೇಲೆ ಅಳತೆ ಟೇಪು, ಮುಂದೆ ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುದಾಗಾರದ ನೌಕರರೊಬ್ಬರ ಖಾಕಿ ಕೋಟು. ಅರವತ್ತಮೂರರ ಈ ದರ್ಜಿ ನಲವತ್ತೊಂದು ವರ್ಷದಿಂದ ಹೊಲಿಯುತ್ತಿರುವುದು ಇಂಥವನ್ನೇ. ದಿನಕ್ಕೆ ಎರಡು ಪ್ಯಾಂಟು, ಮೂರು ಅಂಗಿ. ಕೋಟಾದರೆ ಎರಡು ದಿನ. ಇವತ್ತು ಮಾತ್ರ ಕೈ ಇಲ್ಲಿದೆ, ಮನಸ್ಸು ಎಲ್ಲೋ.

"ನಾನು ಕದ್ದಿದೀನೋ ಇಲ್ವೋ, ನೀವೇ ಯೋಳಿ ಸಾ," ಎಂದು ಮಾತಾಡಿಸಲು ಬಂದು ಎದುರು ಕೂತವರನ್ನೇ ಕೇಳುತ್ತಾರೆ.

ಕಥೆ ಮೂರು ವರ್ಷದ ಹಿಂದಿನದು. ಬ್ಲಫ್ ಹತ್ತಿರ ಹಿಂದಿ ಗ್ಯಾಂಗ್‌ಸ್ಟರ್ ಚಿತ್ರವೊಂದರ ಶೂಟಿಂಗ್. ನಾಯಕನ ಕರಿ ನಿಲುವಂಗಿ ಕೋಟು ನೀರುಪಾಲಾಯಿತು; ಜೊತೆಗೆ ತಂದಿದ್ದ ಇನ್ನೊಂದು ಇಸ್ತ್ರಿಗೆ ಸುಟ್ಟುಹೋಯಿತು. ಸುಟ್ಟದ್ದನ್ನು ಜೀಪಿನಲ್ಲಿ ಹೊತ್ತು ತಂದ ಚಿತ್ರತಂಡದವರು, ಎರಡೇ ದಿನದಲ್ಲಿ ಇಂಥದ್ದೇ ಬೇಕು ಎಂದರು. ಮರಿಸಿದ್ದಯ್ಯ ಹೊಲಿದುಕೊಟ್ಟರು. ಅಭ್ಯಾಸಬಲ ನೋಡಿ, ಯಾರೂ ಕೇಳದಿದ್ದರೂ ಎಡಗಡೆ ಒಳಮೈಗೆ ಒಂದು ಉದ್ದ ಜೇಬು ಸೇರಿತು. ಕಾಲುವೆ ಕಾಯುವವರ ಕೋಟಿಗೆಲ್ಲ ಅದು ಇದ್ದೇ ಇರುತ್ತದೆ. ಟಾರ್ಚು ಅದರೊಳಗೆ, ಎರಡೂ ಕೈ ಖಾಲಿ.

"ಕೈ ಸುಮ್ನಿರ್ನಿಲ್ಲ, ಇಟ್ಬುಟ್ಟೆ. ಅವ್ನು ಅದ್ರೊಳಕ್ಕೆ ಪಿಸ್ತೂಲ್ ಮಡಿಕೊಂಡ!"

ಆ ಜೇಬಿನಿಂದ ಪಿಸ್ತೂಲು ತೆಗೆಯುವ ಠೀವಿಯೇ ಚಿತ್ರದ ಹೆಗ್ಗುರುತಾಯಿತು. ಅಮೆರಿಕದ ಹಳೆಯ ಪಾತಕ ಚಿತ್ರಗಳ ಪ್ರಭಾವ ಎಂದು ಪತ್ರಿಕೆಗಳಲ್ಲಿ ಬರೆದರು ಕೆಲವರು. ಅಲ್ಲ, ಫ್ರೆಂಚರದ್ದು ಎಂದರು ಇನ್ನು ಕೆಲವರು. ಈಗ ಮಂಡ್ಯದ ಉಪನ್ಯಾಸಕ ಮಧುಕರ, ಕೋಟು ಹೊಲಿದವರು ಇವರೇ ಎಂದು ತಿಳಿದು, ತಮ್ಮ ಸಿನಿಮಾಸಕ್ತರ ಕೂಟದ ಸಭೆಗೆ ಭಾನುವಾರ ಬನ್ನಿ ಎಂದು ಮರಿಸಿದ್ದಯ್ಯನವರನ್ನು ಕರೆದಿದ್ದಾರೆ. "ಯಾವ ಚಿತ್ರ ನೋಡಿ ಹೊಲಿದಿರಿ ಅಂತ ಹೇಳಿದರೆ ಸಾಕು," ಎಂದರಂತೆ ಫೋನಿನಲ್ಲಿ.

ಹಿಂದಿ ಚಿತ್ರವನ್ನೇ ನೋಡದ ಮನುಷ್ಯ ಏನು ಹೇಳಬೇಕು? ಮಗಳು ಪುಷ್ಪಾಳನ್ನು ಕೇಳಿದರು: "ಪ್ರಭಾವ ಅಂದ್ರೆ ಕದಿಯಾದು ಅಂತ್ಲಾ?"

"ಅಲ್ಲ ಕಣಪ್ಪ, ನೋಡಿ ಕಲಿಯಾದು."

ಗೊಂದಲ ಇನ್ನೂ ಹೆಚ್ಚಿತು. ಜೇಬು ಕಲಿಸಿದ್ದು ಗುರು ಲಿಂಗಯ್ಯ. ಲಿಂಗಯ್ಯ ಅದನ್ನು ಕಂಡದ್ದು ಹಿಂದಿನ ಕಾಲದ ಬಿಳಿ ಎಂಜಿನಿಯರೊಬ್ಬರ ಹಳೇ ಕೋಟಿನಲ್ಲಿ. "ಅಂಗಾದ್ರೆ ಜೇಬು ಬಿಳೀರ ಸೀಮೆಯಿಂದ್ಲೇ ಬಂದದೆ. ಬರ್ದೋರು ಸುಳ್ಳು ಬರ್ದಿಲ್ವಲ್ಲ!" ನಗುತ್ತಾರೆ, ಆದರೆ ಒಳಗೆ ಅಳುಕಿದೆ. ಇದರಲ್ಲಿ ನಿಮ್ಮದೇನು ಎಂದು ನಾಲ್ಕು ಜನರ ಮುಂದೆ ಕೇಳಿಬಿಟ್ಟರೆ? ನಲವತ್ತೊಂದು ವರ್ಷದ ದುಡಿಮೆ ಬರೀ ನಕಲಾಗಿಹೋಗುತ್ತದೆ ಎಂಬ ಭಯಕ್ಕೆ ಎರಡು ದಿನದಿಂದ ಮುದ್ದೆಯೂ ಸೇರುತ್ತಿಲ್ಲ.

ಕೊನೆಗೆ ಪುಷ್ಪಾಳೇ ಫೋನಿನಲ್ಲಿ ಚಿತ್ರ ಹಾಕಿ ಮುಂದಿಡುತ್ತಾಳೆ. ಯಾರು ಯಾರಿಗೆ ಏಕೆ ಗುಂಡು ಹೊಡೆದರೋ, ಮರಿಸಿದ್ದಯ್ಯನವರಿಗೆ ಒಂದೂ ತಿಳಿಯದು.

"ಇದ್ರಲ್ಲಿ ಒಳ್ಳೇರು ಯಾರವ್ವ?"

"ಯಾರೂ ಇಲ್ಲ ಕಣಪ್ಪ."

ಜೇಬು ಬರುತ್ತದೆ, ಪಿಸ್ತೂಲು ಬರುತ್ತದೆ. ಅವರು ಕಣ್ಣು ತಗ್ಗಿಸುತ್ತಾರೆ. ಆಮೇಲೆ ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ. ನಾಯಕ ಎರಡೂ ಕೈ ಮೇಲೆತ್ತಿ ಗೋಡೆಯ ತುದಿ ಹಿಡಿದು ಜೋತುಬೀಳುತ್ತಾನೆ.

"ತಡಿ ತಡಿ, ನಿಲ್ಸು!"

ಪುಷ್ಪಾ ನಿಲ್ಲಿಸುತ್ತಾಳೆ. ಮರಿಸಿದ್ದಯ್ಯ ಕನ್ನಡಕ ಹಣೆಗೇರಿಸಿ ಫೋನಿಗೆ ಮೂಗು ತಾಗುವಷ್ಟು ಬಾಗುತ್ತಾರೆ. ಕೈ ಅಷ್ಟೆತ್ತರ ಹೋದರೂ ಕೋಟಿನ ಅಂಚು ಮೇಲೆದ್ದಿಲ್ಲ, ಕಾಲರು ಕುತ್ತಿಗೆ ಬಿಟ್ಟಿಲ್ಲ.

"ಅವ್ರು ತಂದಿದ್ದ ಸುಟ್ಟ ಕೋಟ್ನಲ್ಲಿ ತೋಳು ಕೂರೋ ಕಂಕುಳ ಕೆಳಕ್ಕಿತ್ತು ಸಾ, ಕೈ ಎತ್ತುದ್ರೆ ಕೋಟೇ ಎದ್ದೋಗದು. ಕರೆಂಟು ಕಂಬ ಅತ್ತೋರಿಗೆ ಅದಾಗಕಿಲ್ಲ ಅಂತ ನಾನು ಮೇಲಕ್ಕೆ ಕತ್ತರಿಸ್ತೀನಿ. ಲಿಂಗಯ್ಯೋರೂ ಇಂಗೆ ಕತ್ತರಿಸ್ತಿರ್ನಿಲ್ಲ."

ಭಾನುವಾರ ಮಂಡ್ಯಕ್ಕೆ ಹೋಗುವುದು ಈಗ ಖಾತ್ರಿ.

"ಜೇಬು ಯಾರ್ದಾದ್ರೂ ಆಗ್ಲಿ ಬುಡಿ. ಆ ಕಂಕುಳ ನಂದು. ಆರು ಕೋಟು ಕೆಡಿಸಿ ಕಲ್ತಿದ್ದು."