ಕಾರಾಸ್ ದೆಜೋಗೆ ಸಿಕ್ಕ ಅಂಕಿ

ಬುಡಾಪೆಸ್ಟಿನ ಆ ಗಣಿತ ಸಂಸ್ಥೆಯಲ್ಲಿ ಎಟೆಲ್ಕಾ ಟೈಪ್ ಮಾಡದ ಲೇಖನವೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಮಾತುಗಳನ್ನು ಯಂತ್ರದಲ್ಲಿ ಕುಟ್ಟಿ, ಸೂತ್ರಗಳಿಗೆ ಜಾಗ ಬಿಟ್ಟು, ಆಮೇಲೆ ಶಾಯಿಯಲ್ಲಿ ಕೈಯಾರೆ ತುಂಬುತ್ತಿದ್ದಳು. ಗಣಿತ ಮಾತ್ರ ಒಂದಕ್ಷರ ತಿಳಿಯದು. ಕಿರಿಯರ ಬಾಯಲ್ಲಿ ಆಕೆ ಎಟೆಲ್ಕಾ ನೇನಿ, ಅಂದರೆ ಅತ್ತೆ. ಗಂಡ ಕಾರಾಸ್ ದೆಜೋ ಅಲ್ಲೇ ಗಣಿತಜ್ಞನಾಗಿದ್ದ. ೧೯೫೬ರಲ್ಲಿ ರಷ್ಯನ್ನರ ವಿರುದ್ಧ ಎದ್ದ ದಂಗೆ ಮುರಿದುಬಿದ್ದಾಗ ಗಡಿ ದಾಟಿ ದೇಶ ಬಿಡಲು ಹೋದ. ಕಾಲುವೆಯ ಬಳಿ ಗುಂಡು ತಗಲಿ ಬಿದ್ದನೆಂದು ಜೊತೆಗಿದ್ದವನೊಬ್ಬ ವಾಪಸು ಬಂದು ಹೇಳಿದ. ಹೆಣ ಸಿಗಲಿಲ್ಲ. ಅಂದಿನಿಂದ ಹದಿನಾರು ವರ್ಷ, ಸತ್ತವರ ದಿನ ಬಂದರೆ ಸ್ಮಶಾನದ ದೊಡ್ಡ ಶಿಲುಬೆಯ ಬುಡದಲ್ಲಿ ಆಕೆಯದೊಂದು ಮೇಣದಬತ್ತಿ. ಇನ್ನೊಂದು ಮದುವೆಯ ಮಾತೆತ್ತಿದವರನ್ನು ಬಾಗಿಲಿಂದಲೇ ಸಾಗಹಾಕಿದ್ದಳು.

ಗಣಿತದವರಿಗೊಂದು ಹುಚ್ಚು. ಪೆಟ್ಟಿಗೆ ಹಿಡಿದು ದೇಶ ಸುತ್ತುವ ಅವರ ಮಹಾಗುರು ಒಬ್ಬನಿದ್ದ. ಅವನ ಜೊತೆ ಸೇರಿ ಲೇಖನ ಬರೆದವನ ಅಂಕಿ ಒಂದು. ಆ ಒಂದರವನ ಜೊತೆ ಬರೆದವನದು ಎರಡು. ಅಂಕಿ ಸಣ್ಣದಾದಷ್ಟೂ ಜಂಬ ದೊಡ್ಡದು. ಹೊಸದಾಗಿ ಸೇರಿದ್ದ ಸಂಶೋಧಕ ತಿಹಮೇರ್ ಗ್ರಂಥಾಲಯದ ಪತ್ರಿಕೆಗಳನ್ನೆಲ್ಲ ಜಾಲಾಡಿ, ಎಲ್ಲರ ಅಂಕಿಗಳ ಪಟ್ಟಿ ಮಾಡಿ ಟೈಪಿಗೆ ತಂದುಕೊಟ್ಟ. ಮೂರನೆಯ ಹಾಳೆಯಲ್ಲಿ ಎಟೆಲ್ಕಾಳ ಬೆರಳು ನಿಂತುಬಿಟ್ಟಿತು. ಕಾರಾಸ್ ದೆಜೋ: ಎರಡು. ಲೇಖನ: ಟೊರಾಂಟೊ, ಕೆನಡಾ, ೧೯೬೩.

ವರ್ಷ ತಪ್ಪಾಗಿದೆ ಎಂದಳು. ದೆಜೋ ಈಕೆಗೆ ಏನಾಗಬೇಕೆಂದು ತಿಹಮೇರನಿಗೆ ಗೊತ್ತಿಲ್ಲ.

"ತಪ್ಪಿಲ್ಲ ನೇನಿ. ಲೇಖನ ಇಲ್ಲೇ ಕಪಾಟಲ್ಲಿದೆ. ನಮ್ಮ ಬಾರ್ತೋಶ್ ಮೇಷ್ಟ್ರೇ ಅದರ ವಿಮರ್ಶೆ ಬರ್ದಿದ್ದಾರೆ."

ಬಾರ್ತೋಶ್ ದೆಜೋನ ಹಳೆಯ ಗೆಳೆಯ. ಆಕೆ ನೇರ ಅವನ ಕೋಣೆಗೆ ನುಗ್ಗಿದಳು. ಮುದುಕ ಬಾಗಿಲು ಮುಚ್ಚಿ ದನಿ ತಗ್ಗಿಸಿದ.

"ನಿಂಗೆ ಗೊತ್ತಿದೆ ಅಂತಲೇ ಅಂದ್ಕೊಂಡಿದ್ನಲ್ಲಮ್ಮ. ಗಂಡ ದೇಶ ಬಿಟ್ಟು ಓಡಿಹೋದ ಅಂದ್ರೆ ಕೆಲಸ ಕಿತ್ಕೋತಾರೆ, ಅದಕ್ಕೇ ವಿಧವೆ ವೇಷ ಹಾಕಿದ್ದೀಯ ಅಂತ. ನಾವೆಲ್ಲ ಬಾಯಿ ಮುಚ್ಕೊಂಡಿದ್ದು ನಿನ್ನ ಒಳ್ಳೇದಕ್ಕೇ."

ನಾವೆಲ್ಲ ಅಂತೆ. ಇಡೀ ಸಂಸ್ಥೆಯ ಹಿರಿಯರಿಗೆ ಗೊತ್ತಿದ್ದ ಗುಟ್ಟು ಹೆಂಡತಿಯೊಬ್ಬಳಿಗೆ ಗೊತ್ತಿರಲಿಲ್ಲ. ಅವರ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ. ಆಕೆಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬದುಕಿದ್ದಾನೆ ಎಂಬುದೊಂದೇ ತಲೆಯಲ್ಲಿ ಗಿರಗಿರನೆ ತಿರುಗುತ್ತಿತ್ತು. ಒಂದು ಕಾಗದ ಹಾಕಲಿಲ್ಲವೇಕೆ? ಹಾಕಿದ್ದನ್ನು ಯಾರಾದರೂ ಒಡೆದು ಇಟ್ಟುಕೊಂಡರೇ? ತನ್ನಂತೆಯೇ ಅವನೂ ಒಂಟಿಯಾಗಿ ಕಾದಿರುವನೇ?

ಕಪಾಟಿನಿಂದ ಪತ್ರಿಕೆ ತೆಗೆದಳು. ಹನ್ನೊಂದು ಪುಟ, ಎಲ್ಲ ಇಂಗ್ಲಿಷಿನಲ್ಲಿ; ಆಕೆ ಎಂದೂ ಕಂಡಿರದ ಲೇಖನ. ಆದರೆ ಲೇಖನದ ಕೊನೆಯಲ್ಲಿ ಬರುವ ಕೃತಜ್ಞತೆಯ ಸಾಲನ್ನು ಆಕೆ ಯಾವ ಭಾಷೆಯಲ್ಲಿದ್ದರೂ ಓದಬಲ್ಲಳು. ಅಂಥವನ್ನು ನೂರಾರು ಸಲ ಟೈಪ್ ಮಾಡಿದ್ದಳು. ಪುಟ ತಿರುವುತ್ತ ಕೊನೆಗೆ ಬಂದಳು. ಈ ಲೇಖನವನ್ನು ತಾಳ್ಮೆಯಿಂದ ಟೈಪ್ ಮಾಡಿಕೊಟ್ಟ ನನ್ನ ಹೆಂಡತಿಗೆ ಕೃತಜ್ಞತೆಗಳು ಎಂದು ಅಲ್ಲಿ ಬರೆದಿತ್ತು.